ಲಿಸ್ಬನ್‌ಗೆ ಹೋಗುವ ಮೊದಲು ಮಟ್ಟಾಂಚೇರಿಗೆ

ಫೆಬ್ರುವರಿ ಮುಗಿಯುತ್ತ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಹೆಚ್ಚುತ್ತದೆ. ‘ಮೊದಲ ಸಲ ಯುರೋಪಿಗೆ ಹೊರಟಿದ್ದೇವೆ. ಎಲ್ಲಿಗೆ ಹೋಗಬೇಕು, ಏನೇನು ನೋಡಬೇಕು, ಹೇಳಿ.’ ಬರೆಯುವವರಲ್ಲಿ ನಿವೃತ್ತರಾದ ಮೇಷ್ಟ್ರ ದಂಪತಿ ಇರುತ್ತಾರೆ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮನೆಮಂದಿಯನ್ನು ಕರೆದುಕೊಂಡು ಹೋಗಬೇಕೆಂದಿರುವ ತೋಟದವರು ಇರುತ್ತಾರೆ. ಜರ್ಮನಿಯಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋದಾಗ ಜೊತೆಗೆ ನಾಲ್ಕು ಊರು ಸುತ್ತಿ ಬರೋಣವೆನ್ನುವ ತಾಯಂದಿರೂ ಇರುತ್ತಾರೆ. ಇದು ಸಣ್ಣ ಖರ್ಚಲ್ಲ. ಎಷ್ಟೋ ಮನೆಗಳಲ್ಲಿ ಇದಕ್ಕಾಗಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟಿರುತ್ತಾರೆ. ಹಾಗಾಗಿ ಈ ಪ್ರಶ್ನೆಗೆ ಹಗುರವಾಗಿ ಉತ್ತರಿಸಲು ನನಗೆ ಮನಸ್ಸು ಬರುವುದಿಲ್ಲ. ಕೆಲವು ವರ್ಷಗಳಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೇನೆ: ಊರುಗಳ ಪಟ್ಟಿ ಮಾಡುವ ಮೊದಲು ಎರಡು ದಿನ ಬಿಡುವು ಮಾಡಿಕೊಂಡು ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿ ಬನ್ನಿ.

ಯುರೋಪಿನ ದಾರಿ ಕೇಳಿದರೆ ಕೇರಳದ ದಾರಿ ಹೇಳುತ್ತಾರಲ್ಲ ಎಂದು ಹಲವರಿಗೆ ಅನ್ನಿಸಿದೆ. ಈ ಮಾತಿನ ಹಿಂದೆ ನನ್ನದೇ ಎರಡು ಪ್ರವಾಸಗಳಿವೆ.

ಮೊದಲ ಸಲ ನಾವು ಮನೆಯವರೆಲ್ಲ ಹೋದದ್ದು ಟೂರ್ ಕಂಪನಿಯೊಂದರ ಜೊತೆ. ಹನ್ನೆರಡು ದಿನಕ್ಕೆ ಏಳು ದೇಶ. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಹೊರಗಿಡಬೇಕು, ಏಳಕ್ಕೆ ಬಸ್ಸು ಹೊರಡುತ್ತದೆ. ಒಂದು ದೊಡ್ಡ ಇಗರ್ಜಿಯ ಮುಂದೆ ಇಳಿಸಿ ನಲವತ್ತು ನಿಮಿಷ ಕೊಟ್ಟರು. ಅದರಲ್ಲಿ ಇಪ್ಪತ್ತು ನಿಮಿಷ ಶೌಚಾಲಯದ ಸಾಲಿನಲ್ಲೇ ಹೋಯಿತು. ಊಟ ಮಾತ್ರ ಎಲ್ಲ ದೇಶದಲ್ಲೂ ಒಂದೇ: ಅನ್ನ, ದಾಲ್, ಆಲೂಗಡ್ಡೆ ಪಲ್ಯ. ಊರಿಗೆ ಬಂದ ಮೇಲೆ ಫೋಟೊ ನೋಡುತ್ತ ಅಮ್ಮ ಕೇಳಿದರು, ‘ಇದು ಯಾವ ಊರು?’ ನಮ್ಮಲ್ಲಿ ಒಬ್ಬರಿಗೂ ಖಚಿತವಾಗಿ ಹೇಳಲು ಆಗಲಿಲ್ಲ. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ ನಿಂತಿದ್ದ ಜಾಗದ ಹೆಸರೇ ನೆನಪಿಲ್ಲವೆಂಬ ನೋವು ನನ್ನಲ್ಲಿ ಬಹಳ ದಿನ ಉಳಿಯಿತು.

ಮುಂದಿನ ವರ್ಷ ಎರ್ನಾಕುಳಂನಲ್ಲಿ ಒಂದು ಮದುವೆ. ಮದುವೆಯ ಮಾರನೇ ದಿನ ಬಿಡುವಿತ್ತು, ದೋಣಿ ಹತ್ತಿ ಫೋರ್ಟ್ ಕೊಚ್ಚಿಗೆ ಹೋದೆ. ಚೀನೀ ಬಲೆಗಳ ಹತ್ತಿರ ಇಳಿದು ಹತ್ತು ನಿಮಿಷ ನಡೆದರೆ ಸೇಂಟ್ ಫ್ರಾನ್ಸಿಸ್ ಚರ್ಚ್. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಹೋದರೆ ಬಲಗಡೆ ನೆಲದ ಮೇಲೆ ಒಂದು ಕಲ್ಲು ಹಾಸಿದೆ, ಸುತ್ತ ಸಣ್ಣ ಕಟಕಟೆ ಇದೆ. 1524ರ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಹಿಂದಿನ ದಿನ, ವಾಸ್ಕೋ ಡ ಗಾಮ ಕೊಚ್ಚಿಯಲ್ಲೇ ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದು ಇಲ್ಲಿ. ಆದರೆ ಈಗ ಕಲ್ಲಿನ ಕೆಳಗೆ ಯಾರೂ ಇಲ್ಲ. 1539ರಲ್ಲಿ ಅವನ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಅದು ಈಗ ಲಿಸ್ಬನ್ನಿನ ಬೆಲೆಂ ಎಂಬಲ್ಲಿ, ಜೆರೋನಿಮೋಸ್ ಮಠದ ಇಗರ್ಜಿಯಲ್ಲಿ, ಕೆತ್ತನೆಯ ಕಲ್ಲಿನ ಪೆಟ್ಟಿಗೆಯೊಳಗಿದೆ.

ಆ ಖಾಲಿ ಗೋರಿಯ ಮುಂದೆ ನಿಂತಾಗ ಮೊದಲ ಬಾರಿಗೆ ನನಗೆ ಯುರೋಪಿನ ಒಂದು ಊರಿಗೆ ಹೋಗಲು ನನ್ನದೇ ಆದ ಕಾರಣ ಸಿಕ್ಕಿತು. ಇದರ ಇನ್ನೊಂದು ತುದಿಯನ್ನು ನೋಡಬೇಕು ಅನ್ನಿಸಿತು. ಯಾರೋ ಮಾಡಿಕೊಟ್ಟ ಪಟ್ಟಿಯಲ್ಲಿ ಆ ಊರಿನ ಹೆಸರಿರಲಿಲ್ಲ.

ಆ ಚರ್ಚಿನ ಕಥೆಯಲ್ಲೇ ಅರ್ಧ ಯುರೋಪಿನ ಚರಿತ್ರೆ ಇದೆ. ಪೋರ್ಚುಗೀಸರು 1503ರಲ್ಲಿ ಮರದಲ್ಲಿ ಕಟ್ಟಿಸಿ, ಆಮೇಲೆ ಕಲ್ಲು ಗಾರೆಯಲ್ಲಿ ಕಟ್ಟಿದಾಗ ಅದು ಕ್ಯಾಥೋಲಿಕರದು. 1663ರಲ್ಲಿ ಡಚ್ಚರು ಕೊಚ್ಚಿ ಗೆದ್ದಾಗ ಪ್ರೊಟೆಸ್ಟೆಂಟರದಾಯಿತು. 1795ರಲ್ಲಿ ಬ್ರಿಟಿಷರು ಬಂದರು, ಕೆಲವು ವರ್ಷಗಳಲ್ಲಿ ಆಂಗ್ಲಿಕನ್ನರದಾಯಿತು. ಈಗ ಸಿಎಸ್‌ಐನದು. ತಲೆಯ ಮೇಲೆ ಉದ್ದಕ್ಕೆ ಬಟ್ಟೆಯ ಪಂಕಗಳು ತೂಗುತ್ತಿವೆ. ಒಂದು ಕಾಲಕ್ಕೆ ಅವುಗಳ ಹಗ್ಗವನ್ನು ಹೊರಗೆ ಕೂತ ಕೂಲಿಯವರು ಎಳೆಯುತ್ತಿದ್ದರು. ಗೋಡೆಗೆ ನಿಲ್ಲಿಸಿರುವ ಸಮಾಧಿ ಕಲ್ಲುಗಳಲ್ಲಿ ಒಂದು ಕಡೆ ಪೋರ್ಚುಗೀಸ್ ಬರಹ, ಇನ್ನೊಂದು ಕಡೆ ಡಚ್. ಯುರೋಪಿನಲ್ಲಿ ಇಗರ್ಜಿ ನೋಡಿ ನೋಡಿ ಬೇಸರವಾಯಿತು, ಎಲ್ಲವೂ ಒಂದೇ ಥರ ಕಾಣುತ್ತವೆ ಎಂದು ನನಗೆ ಹೇಳಿದವರು ಹಲವರು. ಈ ಒಂದು ಚರ್ಚನ್ನು ನಿಧಾನವಾಗಿ ನೋಡಿ ಹೋದವರಿಗೆ ಹಾಗಾಗುವುದಿಲ್ಲ. ಚಿನ್ನದ ಲೇಪ, ಸಂತರ ಪ್ರತಿಮೆಗಳು ತುಂಬಿದ ಗೋಡೆ ಯಾರದು, ಸುಣ್ಣ ಬಳಿದ ಬರಿಗೋಡೆ ಯಾರದು, ಏಕೆ ಬರಿದಾಯಿತು ಎಂದು ಕೇಳುವ ಅಭ್ಯಾಸ ಇಲ್ಲೇ ಆಗಿರುತ್ತದೆ.

ಅಲ್ಲಿಂದ ಮಟ್ಟಾಂಚೇರಿಗೆ ಆಟೊ ಬೇಡ, ನಡೆದೇ ಹೋಗಿ. ಬಜಾರ್ ರಸ್ತೆಯಲ್ಲಿ ಎರಡೂವರೆ ಮೂರು ಕಿಲೋಮೀಟರ್. ಒಂದು ಬದಿಗೆ ಹಿನ್ನೀರು, ಅದಕ್ಕೆ ಬೆನ್ನು ಹಾಕಿದ ಗೋದಾಮುಗಳು. ಒಣಶುಂಠಿ, ಏಲಕ್ಕಿ, ಕರಿಮೆಣಸಿನ ವಾಸನೆ ಬಾಗಿಲುಗಳಿಂದ ದಾರಿಗೆ ಬರುತ್ತದೆ. ಯುರೋಪಿನವರು ಕಡಲು ದಾಟಿ ಬಂದದ್ದು ಈ ವಾಸನೆಯನ್ನು ಹುಡುಕಿಕೊಂಡು. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆದದ್ದೂ ಇದೇ ವ್ಯಾಪಾರದ ದೆಸೆಯಿಂದ. ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರು, ಕೊಚ್ಚಿ ಎಲ್ಲವೂ ಒಂದೇ ಸಾಲಿನ ಬಂದರುಗಳು. ಕರಾವಳಿಯವರಿಗೆ, ಮಲೆನಾಡಿನವರಿಗೆ ಇದು ಪರರ ಕಥೆಯಲ್ಲ.

ಮಟ್ಟಾಂಚೇರಿ ಅರಮನೆಗೆ ಎಲ್ಲರೂ ‘ಡಚ್ ಪ್ಯಾಲೇಸ್’ ಅನ್ನುತ್ತಾರೆ. ಕಟ್ಟಿದವರು ಡಚ್ಚರಲ್ಲ, ಪೋರ್ಚುಗೀಸರು. ಸುಮಾರು 1555ರಲ್ಲಿ ಕಟ್ಟಿ ಕೊಚ್ಚಿಯ ರಾಜ ವೀರಕೇರಳವರ್ಮನಿಗೆ ಕಾಣಿಕೆ ಕೊಟ್ಟರು. ಹತ್ತಿರದ ದೇವಸ್ಥಾನವೊಂದನ್ನು ಲೂಟಿ ಮಾಡಿದ್ದರಿಂದ ಮುನಿದಿದ್ದ ರಾಜನನ್ನು ಸಮಾಧಾನ ಮಾಡಲು ಕೊಟ್ಟದ್ದೆಂದು ಹೇಳುತ್ತಾರೆ. ಡಚ್ಚರು ಆಮೇಲೆ ರಿಪೇರಿ ಮಾಡಿದರು, ಹೆಸರು ಅವರದಾಯಿತು. ಒಳಗೆ ರಾಜನ ಮಲಗುವ ಕೋಣೆ, ಪಳ್ಳಿಯರ, ನಾಲ್ಕು ಗೋಡೆಗೂ ರಾಮಾಯಣ ತುಂಬಿಕೊಂಡಿದೆ. ದಶರಥನ ಪುತ್ರಕಾಮೇಷ್ಟಿಯಿಂದ ಆರಂಭ. ಕಾವಿ ಕೆಂಪು, ಹಳದಿ, ಎಲೆಹಸಿರು ಬಣ್ಣಗಳು. ಒಂದು ಅಂಗೈಯಷ್ಟು ಜಾಗವನ್ನೂ ಚಿತ್ರಕಾರ ಖಾಲಿ ಬಿಟ್ಟಿಲ್ಲ. ನಾನು ಹೋದಾಗ ಇಲ್ಲಿ ಫೋಟೊ ತೆಗೆಯುವಂತಿರಲಿಲ್ಲ. ಅದು ಒಳ್ಳೆಯದೇ ಆಯಿತು. ನಾನು ಒಂದು ಮೂಲೆಯಲ್ಲಿ ಅರ್ಧ ಗಂಟೆ ನಿಂತೆ. ಮೊದಲು ಬಣ್ಣ ಕಂಡಿತು, ಆಮೇಲೆ ಮುಖಗಳು, ಆಮೇಲೆ ಕೈಬೆರಳುಗಳು, ಕೊನೆಗೆ ಆಭರಣದ ಒಂದೊಂದು ಮಣಿ. ನೆಲ ನೋಡಿದರೆ ಕಪ್ಪು ಅಮೃತಶಿಲೆಯಂತೆ ಹೊಳೆಯುತ್ತದೆ. ಅದು ಕಲ್ಲಲ್ಲ, ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡಗಳ ರಸ, ಮೊಟ್ಟೆಯ ಬಿಳಿ ಕೂಡಿಸಿ ಉಜ್ಜಿ ಮಾಡಿದ್ದು. ಯುರೋಪಿನ ದೊಡ್ಡ ಮ್ಯೂಸಿಯಂಗಳಲ್ಲಿ ಸಾವಿರಾರು ಚಿತ್ರಗಳಿರುತ್ತವೆ. ಎಲ್ಲವನ್ನೂ ನೋಡಲು ಹೊರಟರೆ ಕಾಲು ಸೋಲುತ್ತದೆ, ಕಣ್ಣೂ ಸೋಲುತ್ತದೆ. ಹತ್ತು ಚಿತ್ರ ಆರಿಸಿಕೊಳ್ಳಿ, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ ಎಂದು ನಾನು ಹೇಳುವುದು ಈ ಕೋಣೆಯಲ್ಲಿ ಕಲಿತದ್ದನ್ನೇ.

ಅರಮನೆಯ ಪಕ್ಕದ ಬೀದಿ ಜ್ಯೂ ಟೌನ್. ಅದರ ಕೊನೆಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್, ಯಹೂದಿಗಳ ಪ್ರಾರ್ಥನಾ ಮಂದಿರ. ಚಪ್ಪಲಿ ಹೊರಗೆ ಬಿಡಬೇಕು. ಬರಿಗಾಲು ನೆಲಕ್ಕೆ ಸೋಕಿದಾಗ ತಣ್ಣಗಾಗುತ್ತದೆ, ಬಗ್ಗಿ ನೋಡಿದರೆ ನೀಲಿ ಬಿಳಿ ಹೆಂಚುಗಳು. ಹದಿನೆಂಟನೆಯ ಶತಮಾನದಲ್ಲಿ ಚೀನಾದಿಂದ ಹಡಗಿನಲ್ಲಿ ಬಂದ ಪಿಂಗಾಣಿ, ಪ್ರತಿಯೊಂದೂ ಕೈಯಲ್ಲಿ ಚಿತ್ರ ಬಿಡಿಸಿದ್ದು. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ನಾನು ಪಕ್ಕಪಕ್ಕದ ಎರಡನ್ನು ಹೋಲಿಸಿ ನೋಡಿದೆ. ಒಂದರಲ್ಲಿ ಮರದ ಕೊಂಬೆ ಎಡಕ್ಕೆ ಬಾಗಿತ್ತು, ಇನ್ನೊಂದರಲ್ಲಿ ಕುಂಚ ಎತ್ತುವಾಗ ಬಿದ್ದ ನೀಲಿಯ ಒಂದು ಚುಕ್ಕೆ ಹಾಗೇ ಉಳಿದಿತ್ತು. ತಲೆಯ ಮೇಲೆ ಬೆಲ್ಜಿಯಂ ಗಾಜಿನ ದೀಪಗುಚ್ಛಗಳು. ಹೊರಗಿನ ಗಡಿಯಾರ ಗೋಪುರ 1760ರದು, ಅದರ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳ ಅಂಕಿಗಳಿವೆ. 1662ರಲ್ಲಿ ಪೋರ್ಚುಗೀಸರು ಈ ಸಿನಗಾಗನ್ನು ಹಾಳುಗೆಡವಿದರು. ಎರಡು ವರ್ಷದ ಮೇಲೆ ಡಚ್ಚರ ಕಾಲದಲ್ಲಿ ಮತ್ತೆ ಎದ್ದಿತು. ಇಸ್ರೇಲ್ ಹುಟ್ಟಿದ ಮೇಲೆ ಇಲ್ಲಿಯ ಯಹೂದಿಗಳು ಬಹುತೇಕ ಅಲ್ಲಿಗೆ ಹೋದರು. ಪೂರ್ಣ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ಗಂಡಸರು ಈಗ ಊರಿನಲ್ಲಿಲ್ಲ.

ಇಲ್ಲಿಂದ ಒಂದು ದಾರಿ ನೇರ ಆಮ್‌ಸ್ಟರ್‌ಡಾಂಗೆ ಹೋಗುತ್ತದೆ. 1686ರಲ್ಲಿ ಆಮ್‌ಸ್ಟರ್‌ಡಾಂನ ಪೋರ್ಚುಗೀಸ್ ಯಹೂದಿಗಳು ಕೊಚ್ಚಿಯ ತಮ್ಮವರನ್ನು ಕಂಡು ಬರಲು ಮೋಸೆಸ್ ಪೆರೇರಾ ಡಿ ಪೈವಾ ಎಂಬುವನ ನೇತೃತ್ವದಲ್ಲಿ ಒಂದು ತಂಡ ಕಳಿಸಿದರು. ಅವನು ಬರೆದ ವರದಿ ಮರುವರ್ಷ ಅಲ್ಲಿ ಅಚ್ಚಾಯಿತು. ಅವರ ಸಿನಗಾಗ್ 1675ರಲ್ಲಿ ಬಾಗಿಲು ತೆರೆದದ್ದು, ಇಂದಿಗೂ ನಿಂತಿದೆ. ಅದರೊಳಗೆ ವಿದ್ಯುತ್ ದೀಪವಿಲ್ಲ, ಮೇಣದ ಬತ್ತಿಗಳೇ. ಮರದ ನೆಲದ ಮೇಲೆ ನುಣ್ಣನೆ ಮರಳು ಹರಡಿರುತ್ತಾರೆ. ಕೊಚ್ಚಿಯ ಪಿಂಗಾಣಿಯನ್ನು ಬರಿಗಾಲಲ್ಲಿ ಮೆಟ್ಟಿ ಬಂದವರಿಗೆ ಆ ಮರಳಿನ ಮೇಲೆ ಹೆಜ್ಜೆ ಇಟ್ಟಾಗ ಆಗುವ ಅನುಭವವನ್ನು ಯಾವ ಗೈಡೂ ಕೊಡಲಾರ.

ಮಟ್ಟಾಂಚೇರಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಚೆರ್ಲಾಯಿ. ಅದು ಗೌಡ ಸಾರಸ್ವತರ ಕೇರಿ, ತಿರುಮಲ ದೇವಸ್ಥಾನದ ಸುತ್ತ ಬೆಳೆದದ್ದು. ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರ ಧರ್ಮವಿಚಾರಣೆ, ಇಂಕ್ವಿಸಿಷನ್, ಶುರುವಾದ ಕಾಲಕ್ಕೆ ಊರು ಬಿಟ್ಟು ದಕ್ಷಿಣಕ್ಕೆ ಬಂದವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಇನ್ನೂ ಮುಂದೆ ಕೊಚ್ಚಿಗೆ ಹೋದರು. ನಾನು ಒಂದು ಅಂಗಡಿಯ ಮುಂದೆ ಬಾಯಾರಿ ನಿಂತಿದ್ದಾಗ ಒಳಗಿನಿಂದ ಇಬ್ಬರು ಹೆಂಗಸರ ಕೊಂಕಣಿ ಕೇಳಿಸಿತು. ಮಂಗಳೂರಿನ ರಥಬೀದಿಯಲ್ಲೇ ಇದ್ದೇನೆ ಅನ್ನಿಸಿತು. ರಾಗ ಮಾತ್ರ ಮಲಯಾಳದ್ದು. ಕುಡಿಯಲು ನೀರು ಕೊಟ್ಟ ಹಿರಿಯರು ನಾನು ಮಂಗಳೂರಿನವನೆಂದು ತಿಳಿದೊಡನೆ ಕೇಳಿದ್ದು, ‘ವೆಂಕಟರಮಣ ದೇವಸ್ಥಾನದ ತೇರು ಆಯಿತಾ?’

ಇದೇ ಕೊಂಕಣಿ ಸಮಾಜದ ಮೂವರು ವೈದ್ಯರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ, ಹದಿನೇಳನೆಯ ಶತಮಾನದಲ್ಲಿ ಒಂದು ದೊಡ್ಡ ಕೆಲಸಕ್ಕೆ ಕೈಜೋಡಿಸಿದರು. ಕೊಚ್ಚಿಯ ಡಚ್ ಗವರ್ನರ್ ಹೆಂಡ್ರಿಕ್ ವಾನ್ ರೀಡೆ ಮಲಬಾರಿನ ಗಿಡಮರಗಳ ಬಗ್ಗೆ ‘ಹಾರ್ಟಸ್ ಮಲಬಾರಿಕಸ್’ ಎಂಬ ಗ್ರಂಥ ಮಾಡಿಸುತ್ತಿದ್ದ. ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಮುಖ್ಯರು ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್. ಅವರ ಜೊತೆ ಈ ಮೂವರು. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳು ಆಮ್‌ಸ್ಟರ್‌ಡಾಂನಲ್ಲಿ ಅಚ್ಚಾದವು, 740ಕ್ಕೂ ಹೆಚ್ಚು ಸಸ್ಯಗಳ ವಿವರ ಅದರಲ್ಲಿದೆ. ಚಿತ್ರಗಳ ಮೇಲೆ ಗಿಡದ ಹೆಸರು ಲ್ಯಾಟಿನ್, ಮಲಯಾಳ, ಅರಬ್ಬಿ ಲಿಪಿಗಳಲ್ಲಿ, ಮತ್ತೆ ನಾಗರಿಯಲ್ಲಿ ಕೊಂಕಣಿಯಲ್ಲಿ. ಮೂವರು ವೈದ್ಯರು ತಮ್ಮ ಕೈಯಾರೆ ಬರೆದ ಪ್ರಮಾಣಪತ್ರ ಮೊದಲ ಸಂಪುಟದಲ್ಲಿದೆ, ಅದು 1675ರದು. ಆಮ್‌ಸ್ಟರ್‌ಡಾಂನಲ್ಲಿ ಆ ಸಿನಗಾಗ್ ಬಾಗಿಲು ತೆರೆದ ವರ್ಷವೇ ಕೊಚ್ಚಿಯಲ್ಲಿ ನಮ್ಮವರು ಆ ಓಲೆ ಬರೆದಿದ್ದಾರೆ.

ಈಗ ಆಮ್‌ಸ್ಟರ್‌ಡಾಂನ ಭೂಪಟ ನೋಡಿ. ಆ ಸಿನಗಾಗಿನಿಂದ ನಡೆದು ಹೋಗುವಷ್ಟು ದೂರದಲ್ಲೇ 1638ರಲ್ಲಿ ಔಷಧಿ ಗಿಡಗಳಿಗಾಗಿ ಆರಂಭವಾದ ಹಾರ್ಟಸ್ ಬೊಟಾನಿಕಸ್ ಉದ್ಯಾನ ಇದೆ. ಅದನ್ನು 1682ರಲ್ಲಿ ಈಗಿನ ಜಾಗಕ್ಕೆ ತಂದವರಲ್ಲಿ ಯಾನ್ ಕೊಮೆಲಿನ್ ಒಬ್ಬ. ಹಾರ್ಟಸ್ ಮಲಬಾರಿಕಸ್‌ನ ಸಂಪುಟಗಳಿಗೆ ಟಿಪ್ಪಣಿ ಬರೆದವನೂ ಅವನೇ. ಎರಡನೆಯ ಸಲ ಯುರೋಪಿಗೆ ಹೋದಾಗ ಆ ತೋಟದ ಬೆಂಚಿನ ಮೇಲೆ ಒಂದು ಇಡೀ ಮಧ್ಯಾಹ್ನ ಕೂತಿದ್ದೆ. ಬೇರೆ ಪ್ರವಾಸಿಗರಿಗೆ ಅದೊಂದು ಚೆಂದದ ಪಾರ್ಕು. ನನಗೆ ಚೆರ್ಲಾಯಿಯ ರಂಗಭಟ್ಟರ ಮಾತು ತಲುಪಿದ ಊರು.

ಹಾಗಾಗಿ ಮೊದಲ ಯುರೋಪ್ ಪ್ರವಾಸಕ್ಕೆ ನನ್ನ ಸಲಹೆ ಇಷ್ಟೇ: ಹತ್ತು ಹನ್ನೆರಡು ದಿನ, ಎರಡು ಊರು, ಲಿಸ್ಬನ್ ಮತ್ತು ಆಮ್‌ಸ್ಟರ್‌ಡಾಂ. ನಡುವೆ ಮೂರು ಗಂಟೆಯ ವಿಮಾನ. ಎರಡೂ ಷೆಂಗೆನ್ ವೀಸಾ ಪ್ರದೇಶದ ಒಳಗಿನವು, ಒಂದೇ ವೀಸಾ ಸಾಕು, ಎರಡಕ್ಕೂ ಯೂರೋ. ಲಿಸ್ಬನ್ನಿನಲ್ಲಿ ಒಂದು ಬೆಳಿಗ್ಗೆ 15ನೇ ನಂಬರಿನ ಟ್ರಾಮ್ ಹಿಡಿದು ಬೆಲೆಂಗೆ ಹೋಗಿ. ಜೆರೋನಿಮೋಸ್ ಮಠದ ಕಂಬಗಳಲ್ಲಿ ಹಗ್ಗ, ಹವಳ, ಕಡಲಬಳ್ಳಿಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರಷ್ಟು ತೆರಿಗೆಯ ದುಡ್ಡಿನಲ್ಲಿ ಕಟ್ಟಿದ ಮಠ ಅದು. ಬಜಾರ್ ರಸ್ತೆಯಂಥ ಬೀದಿಗಳ ಬೆವರು ಅದರಲ್ಲಿದೆ. ಗಾಮನ ಸಮಾಧಿಯ ಮುಂದೆ ನಿಂತಾಗ ಕೈಮುಗಿಯಬೇಕಿಲ್ಲ. 1502ರಲ್ಲಿ ಕೇರಳದ ತೀರದಲ್ಲಿ ಹಜ್ ಯಾತ್ರಿಕರ ಹಡಗಿಗೆ ಬೆಂಕಿ ಹಚ್ಚಿಸಿದವನು ಅವನು. ಆ ಕೆತ್ತನೆಯ ಸೊಗಸೂ ನಿಜ, ಆ ಬೆಂಕಿಯೂ ನಿಜ. ಎರಡನ್ನೂ ನೆನೆಯುತ್ತ ನೋಡುವುದು ನಮ್ಮ ಕಡೆಯಿಂದ ಹೋದವರ ಹೊಣೆ ಎಂದು ನಾನು ನಂಬಿದ್ದೇನೆ.

ಹಾಗಾದರೆ ಪ್ಯಾರಿಸ್ ಬೇಡವೇ, ಸ್ವಿಟ್ಜರ್ಲೆಂಡ್ ಬೇಡವೇ ಎನ್ನುತ್ತೀರಿ. ಪ್ಯಾರಿಸ್ ನೋಡಲೇಬೇಕೆಂದಿದ್ದರೆ ಆಮ್‌ಸ್ಟರ್‌ಡಾಂನಿಂದ ಮೂರೂವರೆ ಗಂಟೆಯೊಳಗೆ ರೈಲಿದೆ, ಮೂರು ದಿನ ಸೇರಿಸಿ. ಹಿಮದ ಬೆಟ್ಟ ನೋಡಲೇಬೇಕೆಂಬ ಆಸೆ ಇದ್ದವರು ಸ್ವಿಟ್ಜರ್ಲೆಂಡಿಗೇ ಹೋಗಿ, ಆದರೆ ಅದೊಂದಕ್ಕೇ ಹೋಗಿ. ಮೂರಕ್ಕಿಂತ ಹೆಚ್ಚು ಊರು ಹಾಕಿಕೊಂಡ ಮೊದಲ ಪ್ರವಾಸ ರೈಲ್ವೆ ಸ್ಟೇಷನ್ನುಗಳ ಪ್ರವಾಸವಾಗುತ್ತದೆ.

ಮಟ್ಟಾಂಚೇರಿಯಿಂದ ಇನ್ನೊಂದು ಉಪಯೋಗವಿದೆ. ಅದು ತಾಲೀಮು. ಯುರೋಪಿನಲ್ಲಿ ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ನಡೆಯಬೇಕಾಗುತ್ತದೆ, ನಮ್ಮಲ್ಲಿ ಅರವತ್ತು ದಾಟಿದ ಹಲವರಿಗೆ ಆ ಅಭ್ಯಾಸವಿಲ್ಲ. ಅಲ್ಲಿಗೆ ಹಾಕಿಕೊಂಡು ಹೋಗುವ ಶೂಗಳನ್ನೇ ಹಾಕಿ ಫೋರ್ಟ್ ಕೊಚ್ಚಿಯಿಂದ ಮಟ್ಟಾಂಚೇರಿಗೆ ಹೋಗಿ ಬನ್ನಿ. ಎಲ್ಲಿ ಉಜ್ಜುತ್ತದೆ ಎಂದು ಇಲ್ಲೇ ಗೊತ್ತಾಗಲಿ. ಒಯ್ಯಬೇಕೆಂದಿರುವ ಸೂಟ್‌ಕೇಸನ್ನೇ ತುಂಬಿಕೊಂಡು, ಯಾರ ಸಹಾಯವೂ ಇಲ್ಲದೆ ರೈಲು ಹತ್ತಿ, ದೋಣಿ ಹತ್ತಿ ನೋಡಿ. ಲಿಸ್ಬನ್ನಿನ ಕಾಲುದಾರಿಗಳು ಸಣ್ಣ ಕಲ್ಲು ಜೋಡಿಸಿದ ಏರುಗಳು, ಆಮ್‌ಸ್ಟರ್‌ಡಾಂನ ಹಳೆಯ ಮನೆಗಳ ಮೆಟ್ಟಿಲುಗಳು ಏಣಿಯಂತೆ ಕಡಿದು. ಒಬ್ಬರೇ ಎತ್ತಲಾಗದ ಪೆಟ್ಟಿಗೆ ಅಲ್ಲಿ ಭಾರವಾಗುತ್ತದೆ. ಮಂಡಿ ನೋವಿನ ಅಮ್ಮನನ್ನು ಕರೆದೊಯ್ಯುವವರು ಮೂರನೆಯ ಮಹಡಿಯ ರೂಮು ಬುಕ್ ಮಾಡುವ ಮೊದಲು ಲಿಫ್ಟ್ ಇದೆಯೇ ಎಂದು ಬರಹದಲ್ಲಿ ಕೇಳಿ.

ಬಾಗಿಲು ಮುಚ್ಚುವ ದಿನಗಳ ಲೆಕ್ಕವನ್ನೂ ಮಟ್ಟಾಂಚೇರಿಯೇ ಕಲಿಸುತ್ತದೆ. ವಾರ ನೋಡದೆ ಹೋದವರು ಮುಚ್ಚಿದ ಬಾಗಿಲಿನ ಫೋಟೊ ತೆಗೆದುಕೊಂಡು ಬರುತ್ತಾರೆ. ಯುರೋಪಿನಲ್ಲೂ ಹೀಗೇ. ಪ್ಯಾರಿಸಿನ ಲೂವ್ರ್‌ಗೆ ಮಂಗಳವಾರ ರಜೆ, ಜೆರೋನಿಮೋಸ್ ಮಠಕ್ಕೆ ಸೋಮವಾರ, ಆಮ್‌ಸ್ಟರ್‌ಡಾಂನ ಸಿನಗಾಗ್‌ಗೆ ಶನಿವಾರ. ಏಪ್ರಿಲ್-ಮೇ ರಜೆಯಲ್ಲಿ ಹೋಗಿ ಟ್ಯೂಲಿಪ್ ನೋಡಬೇಕೆನ್ನುವವರು ಗಮನಿಸಿ, ಕ್ಯೂಕೆನ್‌ಹಾಫ್ ತೋಟ ವರ್ಷದಲ್ಲಿ ಎಂಟು ವಾರ ಮಾತ್ರ ತೆರೆದಿರುತ್ತದೆ, ಮೇ ಎರಡನೇ ವಾರದ ಹೊತ್ತಿಗೆ ಮುಗಿಯುತ್ತದೆ. ಆಮ್‌ಸ್ಟರ್‌ಡಾಂನ ಆನ್ ಫ್ರಾಂಕ್ ಮನೆಗೆ ಆನ್‌ಲೈನ್ ಟಿಕೆಟ್ ಮಾತ್ರ, ಪ್ರತಿ ಮಂಗಳವಾರ ಆರು ವಾರ ಮುಂದಿನ ಟಿಕೆಟ್ ಬಿಡುತ್ತಾರೆ, ಬೇಗ ಮುಗಿಯುತ್ತದೆ. ದಿನಕ್ಕೆ ಒಂದೇ ಒಂದು ಟಿಕೆಟಿನ ಜಾಗ ಇಟ್ಟುಕೊಳ್ಳಿ. ಉಳಿದ ಹೊತ್ತು ಬೀದಿಗೆ, ಮಾರುಕಟ್ಟೆಗೆ, ನದಿ ದಂಡೆಗೆ ಬಿಡಿ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ, ಅವಸರ ಬೇಡ.

ವೀಸಾ ಬಗ್ಗೆ ಭಯವೇ ಹೆಚ್ಚು, ನಿಯಮ ಅಷ್ಟು ಕಷ್ಟದ್ದಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನ ಸಮನಾಗಿದ್ದರೆ ಮೊದಲು ಇಳಿಯುವ ದೇಶಕ್ಕೆ. ಆರು ತಿಂಗಳು ಮುಂಚಿತವಾಗಿಯೇ ಹಾಕಬಹುದು. ಬೆಂಗಳೂರಿನಲ್ಲಿ ಬೇಸಿಗೆಯ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮೇ ತಿಂಗಳಿಗೆ ಹೊರಡುವವರು ಜನವರಿಯಲ್ಲೇ ಕೂತು ಮಾಡಿ. ವಯಸ್ಕರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸು ಬರುವ ದಿನದ ಮೇಲೆ ಇನ್ನೂ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಲಂಡನ್ ಈ ವೀಸಾದೊಳಗೆ ಬರುವುದಿಲ್ಲ. ಅದಕ್ಕೆ ಬೇರೆ ವೀಸಾ, ಬೇರೆ ಖರ್ಚು. ಮೊದಲ ಪ್ರವಾಸಕ್ಕೆ ಅದನ್ನು ಸೇರಿಸಬೇಡಿ.

ಹಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರ ‘ರೂಪಾಯಿಯಲ್ಲಿ ಕಡಿಯಲೇ, ಯೂರೋದಲ್ಲೇ’ ಎಂದು ಕೇಳುತ್ತದೆ. ರೂಪಾಯಿ ನೋಡಿ ಮನೆಯ ನೆನಪಾಗಿ ಅದನ್ನೇ ಒತ್ತುತ್ತೇವೆ. ಯೂರೋ ಒತ್ತಿ, ಇಲ್ಲದಿದ್ದರೆ ಅವರು ಹೇಳಿದ ದರಕ್ಕೆ ಹೆಚ್ಚು ತೆರಬೇಕಾಗುತ್ತದೆ. ಲಿಸ್ಬನ್ನಿನ 28ನೇ ಟ್ರಾಮ್‌ನಲ್ಲಿ ಜೇಬುಗಳ್ಳರಿರುತ್ತಾರೆ, ಪರ್ಸು ಮುಂದಿರಲಿ. ಆಮ್‌ಸ್ಟರ್‌ಡಾಂನಲ್ಲಿ ಕೆಂಪು ಬಣ್ಣದ ದಾರಿ ಸೈಕಲ್ಲಿನವರದು, ಅಲ್ಲಿ ನಿಂತು ಫೋಟೊ ತೆಗೆಯಬೇಡಿ. ನಲ್ಲಿ ನೀರು ಎರಡೂ ಊರಲ್ಲಿ ಕುಡಿಯಬಹುದು. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಬೆಲೆಂನ ಹೆಸರುವಾಸಿ ಕಸ್ಟರ್ಡ್ ಸಿಹಿಯಲ್ಲಿ ಮೊಟ್ಟೆಯ ಹಳದಿ ಇರುತ್ತದೆ ಎಂಬುದು ಗೊತ್ತಿರಲಿ. ಅಡಿಗೆಮನೆ ಇರುವ ರೂಮು ಹಿಡಿದರೆ ರಾತ್ರಿ ಒಂದು ಹಿಡಿ ಅಕ್ಕಿ, ಅಂಗಡಿಯ ಮೊಸರು, ಮನೆಯಿಂದ ತಂದ ಉಪ್ಪಿನಕಾಯಿ ಸಾಕು. ಮಧ್ಯಾಹ್ನ ಮಾತ್ರ ಆ ಊರಿನದೇ ಏನನ್ನಾದರೂ ತಿನ್ನಿ.

ಇನ್ನು ಮಟ್ಟಾಂಚೇರಿಗೆ ಹೋಗುವ ದಾರಿ. ಬೆಂಗಳೂರಿನಿಂದ ಐಲ್ಯಾಂಡ್ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಎರ್ನಾಕುಳಂ. ಮಂಗಳೂರು, ಉಡುಪಿಯವರಿಗೆ ಕರಾವಳಿಯ ರೈಲುಗಳು ಬೇಕಾದಷ್ಟಿವೆ. ಹೈಕೋರ್ಟ್ ಜೆಟ್ಟಿಯಿಂದ ಬ್ಯಾಟರಿಯಲ್ಲಿ ಓಡುವ ವಾಟರ್ ಮೆಟ್ರೊ ದೋಣಿ 2025ರಿಂದ ಮಟ್ಟಾಂಚೇರಿಗೂ ಹೋಗುತ್ತದೆ, ಟಿಕೆಟ್ ಐವತ್ತು ರೂಪಾಯಿ ಒಳಗೆ. ಎರಡು ದಿನದ ಖರ್ಚು ಲಿಸ್ಬನ್ನಿನ ಒಂದು ರಾತ್ರಿಯ ರೂಮಿಗಿಂತ ಕಡಿಮೆ. ದಯವಿಟ್ಟು ಭಾನುವಾರದಿಂದ ಗುರುವಾರದೊಳಗೆ ಹೋಗಿ. ಶುಕ್ರವಾರ ಅರಮನೆ ಮುಚ್ಚಿರುತ್ತದೆ, ಶನಿವಾರ ಸಿನಗಾಗ್.